ವಿದೇಶೀ ವಿದ್ಯಾರ್ಥಿಗಳಿಗೆ ಪಾಠದ ನೆರವು

ತನ್ನ ದೇಶ ಬಿಟ್ಟು ಬೇರೆ ದೇಶದ ಕಾಲೇಜಿಗೆ ಸೇರಿದ ವಿದ್ಯಾರ್ಥಿಗೆ ಅಲ್ಲಿನ ಪಾಠ ತಲೆಗೆ ಹತ್ತುವಂತೆ ಮಾಡುವ ಏರ್ಪಾಟುಗಳೆಲ್ಲ ಈ ಹೆಸರಿನಡಿ ಬರುತ್ತವೆ: ಭಾಷಾ ತರಗತಿ, ಬರವಣಿಗೆ ಕೇಂದ್ರ, ಹಿರಿಯ ವಿದ್ಯಾರ್ಥಿಗಳು ನಡೆಸುವ ಅಭ್ಯಾಸ ಕೂಟ, ಪೂರ್ವಸಿದ್ಧತೆಯ ವರ್ಷ, ಸಲಹೆಗಾರರ ಕಚೇರಿ, ಕೆಲವು ದೇಶಗಳಲ್ಲಿ ಕಾನೂನೇ ಕೊಡುವ ರಿಯಾಯಿತಿ. ಕನ್ನಡ ನಾಡಿನ ಎಷ್ಟೋ ಮನೆಗಳಿಗೆ ಇದು ದೂರದ ಸಂಗತಿಯಲ್ಲ. 2023–24ರಲ್ಲಿ ಅಮೆರಿಕದಲ್ಲಿದ್ದ 11,26,690 ವಿದೇಶೀ ವಿದ್ಯಾರ್ಥಿಗಳಲ್ಲಿ 3,31,602 ಮಂದಿ ಭಾರತದವರು. 2008–09ರ ನಂತರ ಮೊದಲ ಸಲ ಆ ವರ್ಷ ಭಾರತ ಚೀನಾವನ್ನು ದಾಟಿ ಮೊದಲ ಸ್ಥಾನಕ್ಕೆ ಬಂತು. ಇಂಥ ಮನೆಗಳಲ್ಲಿ ವೀಸಾ, ಬ್ಯಾಂಕ್ ಸಾಲ, ಬಾಡಿಗೆ, ಅಡುಗೆಯ ಮಾತು ದಿನವೂ ನಡೆಯುತ್ತದೆ. ತರಗತಿಯೊಳಗೆ ಕೂತ ಮಗುವಿಗೆ ಪಾಠ ತಿಳಿಯುತ್ತಿದೆಯೇ ಎಂಬ ಮಾತು ಮಾತ್ರ ಅಪರೂಪ. ಮಕ್ಕಳೂ ಅದನ್ನು ಫೋನಿನಲ್ಲಿ ಹೇಳಿಕೊಳ್ಳುವುದಿಲ್ಲ.

ತೊಂದರೆ ಹಳೆಯದು. 1888ರಲ್ಲಿ ಲಂಡನ್ನಿಗೆ ಹೋದ ಮೋಹನದಾಸ ಗಾಂಧಿ ಬ್ಯಾರಿಸ್ಟರ್ ಓದಿನ ಜೊತೆಗೆ ಲಂಡನ್ ಮೆಟ್ರಿಕ್ಯುಲೇಶನ್ ಪರೀಕ್ಷೆಗೂ ಕಟ್ಟಿದರು. ಲ್ಯಾಟಿನ್ ವಿಷಯದಲ್ಲಿ ಮೊದಲ ಸಲ ನಪಾಸಾಗಿ, ಮತ್ತೆ ಕೂತು ಪಾಸು ಮಾಡಿದರು. ಕಾನೂನು ಪರೀಕ್ಷೆಗೆ ಹೆಚ್ಚಿನವರು ನೋಟ್ಸ್ ಉರುಹೊಡೆದು ಕೆಲವು ವಾರ ಅಥವಾ ಎರಡು-ಮೂರು ತಿಂಗಳಲ್ಲಿ ಗೆದ್ದುಬಿಡುತ್ತಿದ್ದರೆಂದು ಅವರ ಆತ್ಮಕಥೆ ಹೇಳುತ್ತದೆ. ಗಾಂಧಿ ಮಾತ್ರ ಮೂಲ ಪುಸ್ತಕಗಳನ್ನೇ ಹಿಡಿದು ಕೂತರು. ಇಂಗ್ಲೆಂಡಿನ ಕಾಮನ್ ಲಾ ಓದಿ ಮುಗಿಸುವುದಕ್ಕೇ ಒಂಬತ್ತು ತಿಂಗಳು ಹಿಡಿಯಿತು. ಸ್ನೆಲ್ ಬರೆದ ಈಕ್ವಿಟಿ ಪುಸ್ತಕ ರುಚಿಸಿದರೂ ಅರ್ಥ ಮಾಡಿಕೊಳ್ಳುವುದು ಕಷ್ಟವಾಯಿತು. ಕಷ್ಟಪಟ್ಟು ಕಲಿತ ಲ್ಯಾಟಿನ್ನು ಮುಂದೆ ದಕ್ಷಿಣ ಆಫ್ರಿಕದ ಕಾನೂನು ತಿಳಿಯಲು ಒದಗಿತು. ಆ ಕಾಲದಲ್ಲಿ ನೆರವು ಎಂದರೆ ಒಂದು ಖಾಸಗಿ ಟ್ಯೂಶನ್ ತರಗತಿ ಮತ್ತು ಸ್ವಂತ ಹಠ, ಇಷ್ಟೇ.

ವಿಶ್ವವಿದ್ಯಾಲಯಗಳೇ ಈ ಹೊಣೆ ಹೊರಲು ತೊಡಗಿದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. 1941ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಫ್ರೀಸ್ ಇಂಗ್ಲಿಷ್ ಭಾಷಾ ಸಂಸ್ಥೆಯನ್ನು ಕಟ್ಟಿದರು. ಮೊದಲು ಬಂದವರು ಲ್ಯಾಟಿನ್ ಅಮೆರಿಕದ ವಿದ್ಯಾರ್ಥಿಗಳು. ಇಂಗ್ಲಿಷ್ ಬಲ್ಲಿಕೆಯನ್ನು ಅಳೆಯುವ ಪರೀಕ್ಷೆಗಳಾಗಿ 1964ರಲ್ಲಿ ಟೋಫೆಲ್, 1989ರಲ್ಲಿ ಐಇಎಲ್‌ಟಿಎಸ್ ಶುರುವಾದವು. ಈ ಪರೀಕ್ಷೆಗಳಿಂದ ಆಯ್ಕೆಯ ಕೆಲಸ ಸುಲಭವಾಯಿತು. ಆದರೆ ಒಂದು ತಪ್ಪು ತಿಳಿವಳಿಕೆಯೂ ಬೇರೂರಿತು: ಅಂಕ ಬಂದಿದೆ, ಹಾಗಾಗಿ ಪಾಠ ತಿಳಿಯುತ್ತದೆ ಎಂಬುದು. ಐಇಎಲ್‌ಟಿಎಸ್‌ನ ಆಲಿಸುವ ಭಾಗ ಸುಮಾರು ಅರ್ಧ ಗಂಟೆಯದು. ಓದುವ ಭಾಗದಲ್ಲಿ ಮೂರು ಉದ್ಧೃತ ಭಾಗಗಳು ಸೇರಿ ಮೂರು ಸಾವಿರ ಪದವೂ ಆಗುವುದಿಲ್ಲ. ಬರೆಯುವ ಎರಡನೆಯ ಪ್ರಶ್ನೆಗೆ ನಲವತ್ತು ನಿಮಿಷದಲ್ಲಿ 250 ಪದ ಬರೆದರೆ ಸಾಕು. ಕಾಲೇಜಿನಲ್ಲಿ ಉಪನ್ಯಾಸವೇ ಒಂದು ಗಂಟೆಯ ಮೇಲೆ ಹೋಗುತ್ತದೆ, ವಾರದ ಓದು ನೂರಾರು ಪುಟ, ಪ್ರಬಂಧ ಮೂರು ಸಾವಿರ ಪದ, ಬೇರೆಯವರಿಂದ ಪಡೆದ ಪ್ರತಿ ಮಾತಿಗೂ ಆಧಾರ ಕೊಡಬೇಕು. ಪರೀಕ್ಷೆ ಬಾಗಿಲಿನ ಚೀಟಿ ಮಾತ್ರ. ಒಳಗಿನ ಕೆಲಸದ ಅಳತೆ ಅದರಿಂದ ಸಿಕ್ಕುವುದಿಲ್ಲ.

ಕೆನಡಾದ ಭಾಷಾತಜ್ಞ ಜಿಮ್ ಕಮಿನ್ಸ್ 1979ರಲ್ಲಿ ಈ ಗೊಂದಲಕ್ಕೆ ಒಂದು ಗೆರೆ ಎಳೆದರು. ದಿನಬಳಕೆಯ ಮಾತು ಬೇರೆ, ಶಾಸ್ತ್ರದ ಭಾಷೆ ಬೇರೆ. ಮೊದಲನೆಯದು ಎರಡು ವರ್ಷದಲ್ಲಿ ಬಂದೀತು. ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕು. ಅವರು ನೋಡಿದ್ದು ವಲಸೆ ಬಂದ ಶಾಲಾ ಮಕ್ಕಳನ್ನು. ಆದರೂ ಕಾಲೇಜಿನ ಅಧ್ಯಾಪಕರಿಗೆ ಈ ಗೆರೆ ತುಂಬ ಉಪಕಾರ ಮಾಡಿದೆ. ಕಾರಿಡಾರಿನಲ್ಲಿ ಚುರುಕಾಗಿ ಮಾತಾಡುವ ಹುಡುಗ ಉತ್ತರಪತ್ರಿಕೆಯಲ್ಲಿ ತಡವರಿಸಿದರೆ ಅದು ಸೋಮಾರಿತನವಲ್ಲ ಎಂದು ಅವರಿಗೆ ತಿಳಿಯುವಂತಾಯಿತು.

ತುಮಕೂರಿನಲ್ಲಿ ಬಿ.ಇ. ಮುಗಿಸಿ ಅಮೆರಿಕಕ್ಕೆ ಎಂ.ಎಸ್. ಓದಲು ಹೋದ ಹುಡುಗಿಯೊಬ್ಬಳ ಮೊದಲ ವಾರವನ್ನು ಕಣ್ಣ ಮುಂದೆ ತಂದುಕೊಂಡರೆ ತೊಂದರೆ ಎಲ್ಲಿದೆ ಎಂದು ಕಾಣುತ್ತದೆ. ಬೋರ್ಡಿನ ಮೇಲಿನ ಸಮೀಕರಣ ಅವಳಿಗೆ ಹೊಸದಲ್ಲ, ಐದನೇ ಸೆಮಿಸ್ಟರಿನಲ್ಲೇ ಬಿಡಿಸಿದ್ದಾಳೆ. ಪ್ರೊಫೆಸರು 'ಬಾಲ್‌ಪಾರ್ಕ್ ಫಿಗರ್ ಕೊಡಿ' ಎನ್ನುತ್ತಾರೆ. ಬೇಸ್‌ಬಾಲ್ ಮೈದಾನದಿಂದ ಬಂದ ಆ ಮಾತಿಗೆ ಸುಮಾರು ಅಂದಾಜು ಎಂದಷ್ಟೇ ಅರ್ಥ. ಅವಳು ಚೆಂಡು ಎಲ್ಲಿಂದ ಬಂತೆಂದು ಯೋಚಿಸುವಷ್ಟರಲ್ಲಿ ಮುಂದಿನ ಎರಡು ಸಾಲು ಅಳಿಸಿಹೋಗಿರುತ್ತವೆ. ಪಕ್ಕದವರು ನಗುತ್ತಾರೆ, ಅವಳೂ ನಗುತ್ತಾಳೆ, ಯಾಕೆಂದು ಗೊತ್ತಿಲ್ಲ. ಯಾವುದು ಮುಖ್ಯ, ಯಾವುದು ಕೇವಲ ಮಾತಿಗೆ ಹೇಳಿದ್ದು ಎಂದು ವಿಂಗಡಿಸುವ ಸೂಚನೆಗಳು ಪ್ರೊಫೆಸರ ದನಿಯ ಏರಿಳಿತದಲ್ಲಿರುತ್ತವೆ. ಆ ಏರಿಳಿತಕ್ಕೆ ಅವಳ ಕಿವಿ ಇನ್ನೂ ಪಳಗಿಲ್ಲ. ಹಾಗಾಗಿ ಅವಳು ಎಲ್ಲವನ್ನೂ ಬರೆದುಕೊಳ್ಳಲು ನೋಡುತ್ತಾಳೆ. ಕೊನೆಗೆ ಪುಸ್ತಕದಲ್ಲಿ ಉಳಿಯುವುದು ಅರ್ಧರ್ಧ ವಾಕ್ಯಗಳು.

ಶಾಸ್ತ್ರದ ಪಾರಿಭಾಷಿಕ ಪದಗಳೇ ಕಷ್ಟ ಎಂದು ಹೊರಗಿನವರು ತಿಳಿಯುತ್ತಾರೆ. ಎಂಜಿನಿಯರಿಂಗ್ ಓದಿದವಳಿಗೆ 'ಎಂಟ್ರೊಪಿ' ಎಂಬ ಪದ ಎಲ್ಲಿ ಹೋದರೂ ಹಳೆಯ ಪರಿಚಯವೇ. ಕಾಲು ತೊಡರುವುದು ಎಲ್ಲ ವಿಷಯಗಳಿಗೂ ಸಾಮಾನ್ಯವಾದ ನಡುವಿನ ಪದಗಳಿಗೆ: ಅಸ್ಯೂಮ್, ಡಿರೈವ್, ಕನ್‌ಸ್ಟ್ರೇಂಟ್, ವೇರ್‌ಆ್ಯಸ್. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಏವ್ರಿಲ್ ಕಾಕ್ಸ್‌ಹೆಡ್ ಸುಮಾರು ಮೂವತ್ತೈದು ಲಕ್ಷ ಪದಗಳ ಶೈಕ್ಷಣಿಕ ಬರಹವನ್ನು ಜಾಲಾಡಿ 2000ದಲ್ಲಿ ಇಂಥ 570 ಪದಕುಟುಂಬಗಳ ಪಟ್ಟಿ ಮಾಡಿದರು. ಶೈಕ್ಷಣಿಕ ಪಠ್ಯದ ಹತ್ತರಲ್ಲೊಂದು ಪದ ಈ ಪಟ್ಟಿಯದೇ. ದಿನಕ್ಕೆ ಐದಾರು ಪದದಂತೆ ಒಂದು ಸೆಮಿಸ್ಟರಿನಲ್ಲಿ ಮುಗಿಸಬಹುದಾದ ಕೆಲಸ ಇದು. ಅಷ್ಟರಿಂದಲೇ ಓದಿನ ವೇಗ ಏರುತ್ತದೆ. ಊರು ಬಿಡುವ ಮೊದಲೇ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಪದಕ್ಕಿಂತ ಆಳದ್ದು ರೂಢಿ. ಅಮೆರಿಕದಲ್ಲಿ ಸಿಲಬಸ್ ಎಂದರೆ ನಮ್ಮ ವಿಶ್ವವಿದ್ಯಾಲಯದ ಹಾಗೆ ಅಧ್ಯಾಯಗಳ ಪಟ್ಟಿಯಲ್ಲ, ಬಹುಮಟ್ಟಿಗೆ ಅದೊಂದು ಕರಾರುಪತ್ರ. ಹೋಂವರ್ಕಿಗೆ ಶೇಕಡ ಎಷ್ಟು, ತಡವಾದರೆ ಎಷ್ಟು ಅಂಕ ಕಡಿತ, ಯಾವ ಮಟ್ಟದವರೆಗೆ ಗೆಳೆಯರ ಜೊತೆ ಚರ್ಚಿಸಬಹುದು, ಎಲ್ಲವೂ ಅದರಲ್ಲೇ ಇರುತ್ತದೆ. ಕೊನೆಯ ತಿಂಗಳು ಹಳೇ ಪ್ರಶ್ನೆಪತ್ರಿಕೆ ತಿರುವಿ ಗೆಲ್ಲುವ ಅಭ್ಯಾಸವಾದವರಿಗೆ, ಮೊದಲ ವಾರದಿಂದಲೇ ಅಂಕ ಲೆಕ್ಕಕ್ಕೆ ಬರುತ್ತದೆ ಎಂಬುದು ಮಿಡ್‌ಟರ್ಮ್ ಬಂದಮೇಲೆ ಹೊಳೆಯುತ್ತದೆ. ಪ್ರಶ್ನೆಯ ಧಾಟಿಯೂ ಬೇರೆ. 'ಅಂದವಾದ ಚಿತ್ರದೊಂದಿಗೆ ವಿವರಿಸಿ' ಎಂಬುದಕ್ಕೆ ಒಂದು ಸಿದ್ಧ ಉತ್ತರ ಇರುತ್ತದೆ. 'ಈ ವಾದವನ್ನು ವಿಮರ್ಶಿಸಿ' ಎಂದರೆ ಪುಸ್ತಕದಲ್ಲಿ ಇಲ್ಲದ, ತನ್ನದೇ ಆದ ನಿಲುವನ್ನು ಹೇಳಬೇಕು.

'ಆಫೀಸ್ ಅವರ್ಸ್' ಎಂಬ ಮಾತನ್ನು ತಪ್ಪಾಗಿ ತಿಳಿದವರು ಲೆಕ್ಕವಿಲ್ಲದಷ್ಟು ಮಂದಿ. ಪ್ರೊಫೆಸರು ತಮ್ಮ ಕೊಠಡಿಯಲ್ಲಿ ಕೆಲಸ ಮಾಡುವ ಹೊತ್ತು, ಆಗ ತೊಂದರೆ ಕೊಡಬಾರದು ಎಂದೇ ಹೊಸಬರ ಗ್ರಹಿಕೆ. ಅದು ವಿದ್ಯಾರ್ಥಿಗಳಿಗೆಂದೇ ಎತ್ತಿಟ್ಟ ಹೊತ್ತು. ಯಾರೂ ಬಾರದಿದ್ದರೆ ಆ ಪ್ರೊಫೆಸರು ಒಬ್ಬರೇ ಕೂತಿರುತ್ತಾರೆ. ಹೆಸರನ್ನೇ 'ವಿದ್ಯಾರ್ಥಿಗಳ ಹೊತ್ತು' ಎಂದು ಬದಲಿಸಿದ ಅಧ್ಯಾಪಕರಿದ್ದಾರೆ. ನಮ್ಮ ಕಡೆ ತರಗತಿಯಲ್ಲಿ 'ಅರ್ಥ ಆಯ್ತಾ?' ಎಂದು ಕೇಳಿದರೆ ಇಡೀ ಬೆಂಚು 'ಹೂಂ ಸಾರ್' ಎನ್ನುತ್ತದೆ. ಅದು ಮೇಷ್ಟ್ರಿಗೆ ತೋರುವ ಮರ್ಯಾದೆ, ಪಾಠ ತಿಳಿದಿದೆ ಎಂಬ ವರದಿಯಲ್ಲ. ಅದೇ ತಲೆಯಾಡಿಸುವಿಕೆಯನ್ನು ಬೇರೆ ನಾಡಿನ ಅಧ್ಯಾಪಕರು ಒಪ್ಪಿಗೆಯೆಂದೇ ಓದಿ ಮುಂದಕ್ಕೆ ಹೋಗುತ್ತಾರೆ.

ಬರವಣಿಗೆಯಲ್ಲಿ ನೋವು ಹೆಚ್ಚು, ಏಕೆಂದರೆ ಅಲ್ಲಿ ತಪ್ಪು ಅಪರಾಧವಾಗಿಬಿಡಬಹುದು. ಪುಸ್ತಕದ ವಾಕ್ಯವನ್ನು ಅಲ್ಲಿಷ್ಟು ಇಲ್ಲಿಷ್ಟು ಪದ ಬದಲಿಸಿ ತನ್ನ ಉತ್ತರದಲ್ಲಿ ಸೇರಿಸುವುದನ್ನು ಬಹುಪಾಲು ಕಾಲೇಜುಗಳು ಕೃತಿಚೌರ್ಯ ಎನ್ನುತ್ತವೆ. ಅಮೆರಿಕದ ಬರವಣಿಗೆ ಅಧ್ಯಾಪಕಿ ರೆಬೆಕಾ ಮೂರ್ ಹೊವಾರ್ಡ್ 1990ರ ದಶಕದಲ್ಲಿ ಇದಕ್ಕೆ 'ಪ್ಯಾಚ್‌ರೈಟಿಂಗ್' ಎಂಬ ಬೇರೆ ಹೆಸರು ಕೊಟ್ಟು, ಶಾಸ್ತ್ರದ ಹೊಸ ಭಾಷೆ ಕಲಿಯುವವರು ದಾಟುವ ಒಂದು ಹಂತವಾಗಿ ಇದನ್ನು ನೋಡಬೇಕೆಂದು ವಾದಿಸಿದರು. ತೇಪೆ ಹಾಕಿದ ಬರಹ ಎಂದು ಕನ್ನಡದಲ್ಲಿ ಹೇಳಬಹುದು. ಅಚ್ಚಾದ ಪುಸ್ತಕದ ಮಾತೇ ಅತ್ಯುತ್ತಮ ಎಂದು ಹೇಳಿಸಿಕೊಂಡು, ಅದನ್ನೇ ಬಾಯಿಪಾಠ ಮಾಡಿ ರ‍್ಯಾಂಕ್ ಪಡೆದ ಮಗು ಅದೇ ಕೆಲಸಕ್ಕೆ ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಾಗುವುದು ಅನ್ಯಾಯ. ಶಿಕ್ಷೆಗೆ ಮೊದಲು ಪಾಠ ಹೇಳಬೇಕು.

ಈಗ ಇನ್ನೊಂದು ತೊಡಕು ಸೇರಿದೆ. ಕೃತಕ ಬುದ್ಧಿಮತ್ತೆ ಬರೆದದ್ದನ್ನು ಪತ್ತೆ ಹಚ್ಚುತ್ತೇವೆ ಎನ್ನುವ ಏಳು ತಂತ್ರಾಂಶಗಳನ್ನು ಸ್ಟ್ಯಾನ್‌ಫೋರ್ಡ್ ಸಂಶೋಧಕರು 2023ರಲ್ಲಿ ಪರೀಕ್ಷಿಸಿದರು. ಟೋಫೆಲ್‌ಗಾಗಿ ಮನುಷ್ಯರೇ ಬರೆದ 91 ಪ್ರಬಂಧಗಳಲ್ಲಿ ಸರಾಸರಿ ಶೇಕಡ 61ರಷ್ಟನ್ನು ಅವು ಯಂತ್ರದ ಬರಹ ಎಂದು ತಪ್ಪಾಗಿ ಗುರುತಿಸಿದವು. ಸರಳ ಪದ, ಸರಳ ವಾಕ್ಯದಲ್ಲಿ ಬರೆಯುವುದೇ ಅನುಮಾನಕ್ಕೆ ಕಾರಣವಾಗಿತ್ತು. ಇಂಥ ತಂತ್ರಾಂಶದ ಮಾತೊಂದನ್ನೇ ನಂಬಿ ಹೊರದೇಶದ ವಿದ್ಯಾರ್ಥಿಯನ್ನು ಕಟಕಟೆಗೆ ಎಳೆಯುವುದು ತರವಲ್ಲ.

ತನ್ನದೇ ಮಾತಿನಲ್ಲಿ ಬರೆಯಲು ಕಲಿಯುವ ಜಾಗ ಬರವಣಿಗೆ ಕೇಂದ್ರಗಳು. ಪರ್ಡ್ಯೂ ವಿಶ್ವವಿದ್ಯಾಲಯದ ಕೇಂದ್ರವನ್ನು 1976ರಲ್ಲಿ ಮ್ಯೂರಿಯಲ್ ಹ್ಯಾರಿಸ್ ಆರಂಭಿಸಿದರು. 1994ರಲ್ಲಿ ಅದು ಅಂತರಜಾಲಕ್ಕೂ ಬಂದು, ಆಧಾರ ಕೊಡುವ ಕ್ರಮ ತಿಳಿಯಬೇಕಾದವರಿಗೆಲ್ಲ ಇಂದು ಪರಿಚಿತ. ಮೊದಲ ಸಲ ಹೋದವರಿಗೆ ಅಲ್ಲಿ ನಿರಾಸೆಯಾಗುವುದುಂಟು. ವಿದ್ಯಾರ್ಥಿ ವ್ಯಾಕರಣ ತಿದ್ದಿಕೊಡಿ ಎಂದು ಕಾಗದ ಚಾಚುತ್ತಾನೆ. ಎದುರು ಕೂತ ಟ್ಯೂಟರ್ ಪೆನ್ನು ಮುಟ್ಟದೆ, 'ನೀನು ಹೇಳಬೇಕೆಂದಿರುವುದು ಏನು, ಒಂದು ಮಾತಿನಲ್ಲಿ ಹೇಳು' ಎನ್ನುತ್ತಾಳೆ. ಅವನು ಬಾಯಲ್ಲಿ ಹೇಳುತ್ತಾನೆ. 'ಆ ಮಾತು ಇಲ್ಲಿ ಎಲ್ಲಿದೆ?' ಅವನು ಹುಡುಕುತ್ತಾನೆ. ಮೂರನೆಯ ಪುಟದ ಕೊನೆಯಲ್ಲಿ ಸಿಕ್ಕುತ್ತದೆ. ಅರ್ಧ ಗಂಟೆಯಲ್ಲಿ ಒಂದೂ ಕಾಗುಣಿತ ತಿದ್ದಿಲ್ಲ, ಆದರೆ ಪ್ರಬಂಧದ ತಲೆ ಬಾಲ ನೆಟ್ಟಗಾಗಿದೆ. ಮಿಷಿಗನ್‌ನ ಜಾನ್ ಸ್ವೇಲ್ಸ್ 1990ರಲ್ಲಿ ತೋರಿಸಿದ್ದೂ ಇದೇ ದಾರಿ: ಸಂಶೋಧನಾ ಲೇಖನದ ಪೀಠಿಕೆ ಒಂದು ನಿಶ್ಚಿತ ನಡೆಯಲ್ಲಿ ಸಾಗುತ್ತದೆ. ಮೊದಲು ಕ್ಷೇತ್ರದ ಮಹತ್ವ, ಆಮೇಲೆ ಅಲ್ಲಿರುವ ಕೊರತೆ, ಆಮೇಲೆ ಆ ಕೊರತೆಗೆ ತನ್ನ ಉತ್ತರ. ಈ ನಡೆಯನ್ನು ಹೇಳಿಕೊಟ್ಟರೆ ಯಾವ ದೇಶದವರಾದರೂ ಹಿಡಿಯುತ್ತಾರೆ.

ಗಣಿತ, ವಿಜ್ಞಾನದ ಪಾಠಗಳಿಗೆ ಹೆಚ್ಚು ಬಳಕೆಯಲ್ಲಿರುವ ನೆರವು 1973ರಲ್ಲಿ ಕ್ಯಾನ್ಸಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ಆರಂಭಿಸಿದ 'ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್'. ಇದರ ಜಾಣ್ಮೆ ಒಂದು ಸಣ್ಣ ತಿರುವಿನಲ್ಲಿದೆ: ಹಿಂದುಳಿದ ವಿದ್ಯಾರ್ಥಿ ಯಾರೆಂದು ಹುಡುಕದೆ, ಕಷ್ಟದ ಪಾಠ ಯಾವುದೆಂದು ಹುಡುಕುವುದು. ಮೂರರಲ್ಲೊಬ್ಬರು ನಪಾಸಾಗುವ ಅಥವಾ ಬಿಟ್ಟುಹೋಗುವ ಕೋರ್ಸನ್ನು ಆರಿಸುತ್ತಾರೆ. ಹಿಂದೆ ಅದರಲ್ಲಿ ಚೆನ್ನಾಗಿ ಮಾಡಿದ ವಿದ್ಯಾರ್ಥಿಯೊಬ್ಬ ಸಂಬಳಕ್ಕೆ ನೇಮಕವಾಗಿ, ಎಲ್ಲ ತರಗತಿಗಳಲ್ಲೂ ಮತ್ತೆ ಕೂತು, ವಾರವಾರ ಕೂಟ ನಡೆಸುತ್ತಾನೆ. ಅವನು ಮತ್ತೆ ಪಾಠ ಮಾಡುವಂತಿಲ್ಲ. ಬಂದವರೇ ಮಾತಾಡುವಂತೆ, ಲೆಕ್ಕ ಬಿಡಿಸುವಂತೆ ಮಾಡಬೇಕು. ಬಾಗಿಲು ಎಲ್ಲರಿಗೂ ತೆರೆದಿರುವುದರಿಂದ ಹೋದವರಿಗೆ ದಡ್ಡರೆಂಬ ಹಣೆಪಟ್ಟಿ ಬೀಳುವುದಿಲ್ಲ. ನೆರವು ಕೇಳಲು ನಾಚುವ ವಿದೇಶೀ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಸಿಕ್ಕುವುದು ಕಷ್ಟ. ಆಸ್ಟ್ರೇಲಿಯದಲ್ಲಿ ವುಲಂಗಾಂಗ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 'ಪಾಸ್' ಎಂಬ ಹೆಸರಿನಿಂದ ಇದು ಬೇರೂರಿದೆ.

ಕೂಡಿ ಓದುವುದರ ಬಲವನ್ನು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಗಣಿತಜ್ಞ ಯೂರಿ ಟ್ರೈಸ್‌ಮನ್ 1970ರ ದಶಕದ ಕೊನೆಗೆ ಕಂಡರು. ಕ್ಯಾಲ್ಕ್ಯುಲಸ್‌ನಲ್ಲಿ ಸೋಲುತ್ತಿದ್ದ ಕಪ್ಪು ವಿದ್ಯಾರ್ಥಿಗಳು ಪರಿಶ್ರಮದಲ್ಲಿ ಕಡಿಮೆಯಿರಲಿಲ್ಲ, ಆದರೆ ಒಂಟಿಯಾಗಿ ಓದುತ್ತಿದ್ದರು. ಗೆಲ್ಲುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಗುಂಪಾಗಿ ಕೂತು ಒಬ್ಬರ ಲೆಕ್ಕ ಇನ್ನೊಬ್ಬರು ನೋಡುತ್ತಿದ್ದರು, ಊಟದ ಜೊತೆಗೇ ಪಾಠದ ಮಾತೂ ಸಾಗುತ್ತಿತ್ತು. ಟ್ರೈಸ್‌ಮನ್ ಸುಲಭದ ಲೆಕ್ಕ ಕೊಟ್ಟು ಕೈಹಿಡಿಯುವ ಬದಲು, ಕಷ್ಟದ ಲೆಕ್ಕ ಕೊಟ್ಟು ಗುಂಪಿನಲ್ಲಿ ಕೂರಿಸಿದರು. ಫಲ ಸಿಕ್ಕಿತು. ಇವರು ವಿದೇಶೀ ವಿದ್ಯಾರ್ಥಿಗಳಲ್ಲ, ಆದರೆ ಗುರುತಿನವರಿಲ್ಲದ ಊರಿನಲ್ಲಿ ಕೊಠಡಿ ಬಾಗಿಲು ಹಾಕಿಕೊಂಡು ಓದುವ ವಿದ್ಯಾರ್ಥಿಗೂ ಈ ಮಾತು ಪೂರ್ತಿ ಸಲ್ಲುತ್ತದೆ.

ಕೆಲವು ದೇಶಗಳು ಪಾಠಕ್ಕೆ ಮೊದಲೇ ಒಂದು ವರ್ಷ ಎತ್ತಿಡುತ್ತವೆ. 1960ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಜನಮೈತ್ರಿ ವಿಶ್ವವಿದ್ಯಾಲಯ ಮುಂದೆ ಪ್ಯಾಟ್ರಿಸ್ ಲುಮುಂಬಾ ಹೆಸರು ಹೊತ್ತಿತು. ಏಷ್ಯಾ, ಆಫ್ರಿಕ, ಲ್ಯಾಟಿನ್ ಅಮೆರಿಕದಿಂದ ಬಂದವರು ಅಲ್ಲಿ ಮೊದಲು ಪೂರ್ವಸಿದ್ಧತಾ ವಿಭಾಗದಲ್ಲಿ ರಷ್ಯನ್ ಕಲಿತು, ಮುಂದೆ ಓದಲಿರುವ ವಿಷಯದ ಪರಿಭಾಷೆಯನ್ನೂ ಆ ಭಾಷೆಯಲ್ಲೇ ರೂಢಿಸಿಕೊಳ್ಳುತ್ತಿದ್ದರು. ಜರ್ಮನಿಯ 'ಸ್ಟೂಡಿಯೆನ್‌ಕೊಲೆಗ್' ಸಾಮಾನ್ಯವಾಗಿ ಎರಡು ಸೆಮಿಸ್ಟರಿನದು. ಎಂಜಿನಿಯರಿಂಗಿಗೆ ಟಿ, ವೈದ್ಯಕೀಯಕ್ಕೆ ಎಂ, ಅರ್ಥಶಾಸ್ತ್ರಕ್ಕೆ ಡಬ್ಲ್ಯೂ ಎಂದು ವಿಭಾಗಗಳಿದ್ದು, ಭಾಷೆಯೂ ವಿಷಯವೂ ಒಟ್ಟಿಗೇ ಸಾಗುತ್ತವೆ. ಬ್ರಿಟನ್ನಿನಲ್ಲಿ ಬೇಸಿಗೆಯ ಕೆಲವು ವಾರಗಳ 'ಪ್ರಿ-ಸೆಷನಲ್' ತರಗತಿಗಳಿವೆ. ಭಾಷೆಯನ್ನು ವಿಷಯದಿಂದ ಬಿಡಿಸಿ ಕಲಿಸುವುದಕ್ಕಿಂತ ಜರ್ಮನ್ ಕ್ರಮ ಹೆಚ್ಚು ಗಟ್ಟಿ.

ಕಾನೂನಿನ ನೆರವು ಹಲವರಿಗೆ ಗೊತ್ತೇ ಇರುವುದಿಲ್ಲ. ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾದವರು ಪ್ರತಿ ಸೆಮಿಸ್ಟರಿನಲ್ಲೂ ಪೂರ್ಣ ಪ್ರಮಾಣದ ಪಾಠ ತೆಗೆದುಕೊಳ್ಳಬೇಕು. ಪದವಿ ತರಗತಿಯಲ್ಲಿ ಅದು ಕನಿಷ್ಠ 12 ಕ್ರೆಡಿಟ್. ಆದರೆ ಆರಂಭದಲ್ಲಿ ಇಂಗ್ಲಿಷ್ ಭಾಷೆ ಅಥವಾ ಓದಿನ ಹೊರೆಯ ತೊಂದರೆ, ಅಲ್ಲಿನ ಬೋಧನಾ ಕ್ರಮದ ಅಪರಿಚಯ, ತಪ್ಪು ಮಟ್ಟದ ಕೋರ್ಸಿಗೆ ಸೇರ್ಪಡೆ, ಈ ಕಾರಣಗಳಿಗೆ ಹೊರೆ ಇಳಿಸಿಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ಅರ್ಧದಷ್ಟಾದರೂ ಪಾಠ ಉಳಿಸಿಕೊಳ್ಳಬೇಕು, ಮುಂದಿನ ಅವಧಿಗೆ ಪೂರ್ಣ ಹೊರೆಗೆ ಮರಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೋರ್ಸ್ ಬಿಡುವ ಮೊದಲೇ ಡಿಎಸ್‌ಒ ಎಂದು ಕರೆಯುವ ವಿದೇಶೀ ವಿದ್ಯಾರ್ಥಿ ಅಧಿಕಾರಿಯ ಒಪ್ಪಿಗೆ ಪಡೆಯಬೇಕು. ರಾತ್ರಿ ಹೆದರಿ ಕಂಪ್ಯೂಟರಿನಲ್ಲಿ ಕೋರ್ಸ್ ಕೈಬಿಟ್ಟು, ಬೆಳಿಗ್ಗೆ ಅಧಿಕಾರಿಯ ಬಳಿ ಹೋದರೆ ವೀಸಾ ಸ್ಥಿತಿಗೇ ಕುತ್ತು ಬಂದಿರುತ್ತದೆ. ಹೊರಡುವ ಮಕ್ಕಳಿಗೆ ಉಪ್ಪಿನಕಾಯಿ ಡಬ್ಬಿಯ ಜೊತೆ ಈ ಒಂದು ಮಾತನ್ನೂ ಕಟ್ಟಿಕೊಡಬೇಕು. ಆಸ್ಟ್ರೇಲಿಯದಲ್ಲಿ ಹೊಣೆ ಕಾಲೇಜಿನ ಮೇಲಿದೆ: 2018ರ ರಾಷ್ಟ್ರೀಯ ಸಂಹಿತೆಯಂತೆ ವಿದೇಶೀ ವಿದ್ಯಾರ್ಥಿಗಳ ಪ್ರಗತಿಯನ್ನು ಗಮನಿಸಿ, ಹಿಂದೆ ಬೀಳುತ್ತಿರುವವರನ್ನು ಗುರುತಿಸಿ ನೆರವಿಗೆ ಹೋಗಬೇಕು.

ಇಷ್ಟೆಲ್ಲ ಏರ್ಪಾಟಿದ್ದರೂ ಹೆಚ್ಚು ಕೆಲಸ ಆಗುವುದು ತರಗತಿಯಲ್ಲಿ ನಿಂತ ಅಧ್ಯಾಪಕರಿಂದಲೇ. ಮುಖ್ಯ ಪದಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡುವುದು, ಸ್ಲೈಡುಗಳನ್ನು ಹಿಂದಿನ ದಿನವೇ ಕೊಡುವುದು, 'ಅರ್ಥ ಆಯ್ತಾ' ಎನ್ನುವ ಬದಲು 'ಈಗ ಹೇಳಿದ್ದನ್ನು ಎರಡು ಸಾಲು ಬರೆಯಿರಿ' ಎನ್ನುವುದು. ಪಾಠದ ಧ್ವನಿಮುದ್ರಣ ಮತ್ತು ಉಪಶೀರ್ಷಿಕೆ ಸಿಕ್ಕಿದರೆ ವಿದ್ಯಾರ್ಥಿ ತಪ್ಪಿಸಿಕೊಂಡ ಮಾತಿಗೆ ಮತ್ತೆ ಹಿಂದಿರುಗಬಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಯು. ಆರ್. ಅನಂತಮೂರ್ತಿ ತಮ್ಮ ಅಧ್ಯಾಪಕ ಮ್ಯಾಲ್ಕಮ್ ಬ್ರ್ಯಾಡ್‌ಬರಿ ಜೊತೆ ಸ್ವೀಡಿಶ್ ನಿರ್ದೇಶಕ ಬರ್ಗ್‌ಮನ್‌ನ ಉಪಶೀರ್ಷಿಕೆಯಿಲ್ಲದ ಚಿತ್ರ ನೋಡಿದ ಪ್ರಸಂಗವನ್ನು ಹೇಳಿಕೊಂಡಿದ್ದಾರೆ. ಆ ಅರೆಬರೆ ಅರ್ಥವೇ 'ಸಂಸ್ಕಾರ' ಕಾದಂಬರಿಗೆ ಕಿಡಿಯಾಯಿತು. ಕಾದಂಬರಿಕಾರನಿಗೆ ಒದಗಿದ ಆ ಭಾಗ್ಯ ನಾಳೆ ಸಂಖ್ಯಾಶಾಸ್ತ್ರದ ಕ್ವಿಜ್ ಬರೆಯಬೇಕಾದವರಿಗೆ ಒದಗದು.

ತಾಯ್ನುಡಿ ಬಿಟ್ಟರೇ ಇಂಗ್ಲಿಷ್ ಬರುವುದೆಂಬ ಹಳೆಯ ಉಪದೇಶವೂ ಈಗ ಸಡಿಲವಾಗಿದೆ. ಕಷ್ಟದ ಪರಿಕಲ್ಪನೆಯನ್ನು ಒಂದು ಭಾಷೆಯಲ್ಲಿ ಓದಿ ಚರ್ಚಿಸಿ, ಆಮೇಲೆ ಇನ್ನೊಂದು ಭಾಷೆಯಲ್ಲಿ ಬರೆಯುವ ಕ್ರಮವನ್ನು ವೇಲ್ಸ್‌ನ ಶಾಲೆಗಳಲ್ಲಿ ಶಿಕ್ಷಣತಜ್ಞ ಕೆನ್ ವಿಲಿಯಮ್ಸ್ 1990ರ ದಶಕದಲ್ಲಿ ಗುರುತಿಸಿದರು. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹಳ್ಳಿಯ ಮಕ್ಕಳು ಇದನ್ನು ಯಾರೂ ಹೇಳಿಕೊಡದೆಯೇ ಮಾಡುತ್ತ ಬಂದಿದ್ದಾರೆ. ಒಮ್ಮೆ ಭಾಷೆ ದಾಟಿದ ಆ ಅನುಭವ ವಿದೇಶದಲ್ಲಿ ಅವರಿಗೆ ಆಸ್ತಿಯಾಗಬೇಕು.

ಕರ್ನಾಟಕ ಕಳಿಸುವ ನಾಡಷ್ಟೇ ಅಲ್ಲ, ಬರಮಾಡಿಕೊಳ್ಳುವ ನಾಡೂ ಹೌದು. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2019–20ರಲ್ಲಿ ದೇಶದಲ್ಲಿದ್ದ 49,348 ವಿದೇಶೀ ವಿದ್ಯಾರ್ಥಿಗಳಲ್ಲಿ ಅತಿ ಹೆಚ್ಚು ಮಂದಿ ಕರ್ನಾಟಕದಲ್ಲಿದ್ದರು. 1997ರಲ್ಲಿ ಆರಂಭವಾದ ಮೆಲಕಾ ಮಣಿಪಾಲ ವೈದ್ಯಕೀಯ ಕಾಲೇಜಿನ ವ್ಯವಸ್ಥೆಯಲ್ಲಿ ಮಲೇಷ್ಯಾದ ವಿದ್ಯಾರ್ಥಿಗಳು ಓದಿನ ಮೊದಲರ್ಧವನ್ನು ಮಣಿಪಾಲದಲ್ಲಿ ಕಳೆಯುತ್ತಿದ್ದರು. ನೇಪಾಳ, ಅಫ್ಘಾನಿಸ್ತಾನ, ಯೆಮೆನ್, ಆಫ್ರಿಕದ ದೇಶಗಳಿಂದ ಬಂದವರು ಬೆಂಗಳೂರು, ಮೈಸೂರುಗಳಲ್ಲಿ ಓದಿದ್ದಾರೆ. ನಮ್ಮ ಅಧ್ಯಾಪಕರು ಕಷ್ಟದ ಜಾಗ ಬಂದಾಗ ಮಕ್ಕಳಿಗೆ ತಿಳಿಯಲೆಂದು ಕನ್ನಡಕ್ಕೆ ಹೊರಳುತ್ತಾರೆ. ಒಳ್ಳೆಯ ಮನಸ್ಸಿನ ಆ ಹೊರಳುವಿಕೆಯಲ್ಲಿ, ಹಿಂದಿನ ಬೆಂಚಿನ ಹೊರದೇಶದ ಹುಡುಗ ಸರಿಯಾಗಿ ಬೇಕಾದ ಹೊತ್ತಿಗೇ ಕೈತಪ್ಪಿಹೋಗುತ್ತಾನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕನ್ನಡ ಬಾರದವರಿಗಾಗಿ 'ಬಳಕೆ ಕನ್ನಡ' ಪಾಠ ಇಟ್ಟಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅದು ಊರಿನ ಓಡಾಟಕ್ಕೆ ಬೇಕು. ವೈದ್ಯ ವಿದ್ಯಾರ್ಥಿಗೆ ಕನ್ನಡವೇ ಪಾಠದ ಒಂದು ಭಾಗ.

ವಾರ್ಡಿನಲ್ಲಿ ಅಜ್ಜಿಯೊಬ್ಬರು 'ಕಾಲು ಜೋಮು ಹಿಡೀತದಪ್ಪ, ಹೊಟ್ಟೇಲಿ ಸಂಕಟ' ಎನ್ನುತ್ತಾರೆ. ಹೊರದೇಶದ ವಿದ್ಯಾರ್ಥಿಯ ಪಾಠಪುಸ್ತಕದಲ್ಲಿ ಎರಡೂ ಲಕ್ಷಣಗಳಿವೆ, ಈ ಹೆಸರಿನಲ್ಲಿಲ್ಲ. 'ಸಂಕಟ'ವನ್ನು ಅವನು ದುಃಖ ಎಂದು ಕಲಿತಿದ್ದಾನೆ. ಜೊತೆಯಲ್ಲಿದ್ದ ಹಾಸನದ ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟು ವಾಂತಿ ಬರುವಂತೆ ಮುಖ ಮಾಡಿ ತೋರಿಸುತ್ತಾಳೆ. ಜೋಮಿಗೆ ತನ್ನ ಬೆರಳುಗಳನ್ನು ಸರಸರ ಆಡಿಸುತ್ತಾಳೆ. ಅಜ್ಜಿ 'ಹೂಂ, ಅದೇ' ಎಂದು ನಗುತ್ತಾರೆ. ಅವನು ಎರಡೂ ಪದಗಳನ್ನು ತನ್ನ ಲಿಪಿಯಲ್ಲಿ ಕಿರುಪುಸ್ತಕಕ್ಕೆ ಬರೆದುಕೊಂಡು, ಈ ಸಲ ತಾನೇ ಕನ್ನಡದಲ್ಲಿ ಕೇಳುತ್ತಾನೆ: 'ಎಷ್ಟು ದಿನದಿಂದ, ಅಜ್ಜಿ?'